ನೂರಾಹತ್ತು ನಿಮಿಷದ ಔಷಧಿಯೊಂದಿಗೆ ಹಳೇ ಮದ್ರಾಸ್ ರಸ್ತೆಯಲ್ಲಿ

ಹಿಮಾಲಯ, ಅಂಡಮಾನ್ ಎಂದು ನೀವು ಓದುವ ಪ್ರವಾಸಗಳ ಮುಂದೆ ನನ್ನದು ಹೇಳಿಕೊಳ್ಳುವಂಥದ್ದಲ್ಲ. ಕೆ.ಆರ್. ಪುರಂನ ಆಚೆಗಿಂದ ಶಿವಾಜಿನಗರದ ಹತ್ತಿರದ ನಮ್ಮ ಆಸ್ಪತ್ರೆಗೆ, ಸುಮಾರು ಇಪ್ಪತ್ತು ಕಿಲೋಮೀಟರು. ಆದರೆ ಅವತ್ತು ಬೆವರಿದಷ್ಟು ನಾನು ಜೀವಮಾನದಲ್ಲಿ ಬೆವರಿಲ್ಲ.

ನಾನು ಪೆಟ್ ಸ್ಕ್ಯಾನ್ ವಿಭಾಗದ ತಂತ್ರಜ್ಞೆ. ಈ ಸ್ಕ್ಯಾನಿಗೆ ಮೊದಲು ರೋಗಿಗೆ ವಿಕಿರಣ ಸೂಸುವ ಒಂದು ಸಕ್ಕರೆ ದ್ರಾವಣದ ಇಂಜೆಕ್ಷನ್ ಕೊಡುತ್ತೇವೆ. ಕ್ಯಾನ್ಸರಿನ ಗಂಟು ಆ ಸಕ್ಕರೆಯನ್ನು ಆಸೆಬುರುಕನಂತೆ ಎಳೆದುಕೊಳ್ಳುತ್ತದೆ. ಅಲ್ಲಿಂದ ಹೊರಡುವ ಗಾಮಾ ಕಿರಣಗಳನ್ನು ಯಂತ್ರ ಹಿಡಿಯುತ್ತದೆ, ಕಂಪ್ಯೂಟರು ಒಂದೊಂದನ್ನೂ ಲೆಕ್ಕ ಹಾಕಿ ಚಿತ್ರ ಕಟ್ಟುತ್ತದೆ. ತೊಂದರೆ ಏನೆಂದರೆ ಈ ಔಷಧಿಯನ್ನು ಕೂಡಿಡಲು ಆಗುವುದಿಲ್ಲ. ನೂರಾಹತ್ತು ನಿಮಿಷಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ, ಇನ್ನು ನೂರಾಹತ್ತು ನಿಮಿಷಕ್ಕೆ ಅರ್ಧದಲ್ಲಿ ಅರ್ಧ. ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ, ದೇವರ ಮುಂದಿಟ್ಟರೂ ಅಷ್ಟೇ.

ಅವತ್ತು ನಮಗೆ ದಿನವೂ ಔಷಧಿ ಕಳಿಸುವ ಕೇಂದ್ರದ ಯಂತ್ರ ಕೆಟ್ಟಿತ್ತು. ಪೂರ್ವದ ಅಂಚಿನ ಇನ್ನೊಂದು ಕೇಂದ್ರದಿಂದ ನಾವೇ ತರಬೇಕಾಯಿತು. ಪರವಾನಗಿ ಇದ್ದ ವ್ಯಾನು ಇತ್ತು, ಡ್ರೈವರ್ ಸಲೀಂ ಭಾಯ್ ಇದ್ದರು. ಜೊತೆಗೆ ಜವಾಬ್ದಾರರೊಬ್ಬರು ಹೋಗಬೇಕೆಂಬ ನಿಯಮದ ಪ್ರಕಾರ ನಾನು ಹೊರಟೆ.

ಎಂಟು ಐವತ್ತಕ್ಕೆ ಸೀಸದ ಡಬ್ಬಿ ಕೈಗೆ ಬಂತು. ನೋಡಲು ಅಜ್ಜಿಯ ಎಲೆಯಡಿಕೆ ಡಬ್ಬಿಯಷ್ಟಿದ್ದರೂ ಒಬ್ಬರೇ ಎತ್ತಲು ಸೊಂಟ ಬೇಕು. ಅದನ್ನು ವ್ಯಾನಿನ ಹಿಂಬದಿಯಲ್ಲಿ ಬಿಗಿದು, ಹಳದಿ ಎಚ್ಚರಿಕೆಯ ಫಲಕ ಹಚ್ಚಿ, ಎದೆಯ ಮೇಲಿನ ವಿಕಿರಣ ಅಳೆಯುವ ಬಿಲ್ಲೆ ಸರಿಮಾಡಿಕೊಂಡು ಕುಳಿತೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸಲೀಂ ಭಾಯ್ ಮನೆಯಿಂದ ಖೀಮಾ ಸಮೋಸಾ ತಂದಿದ್ದರು. ಡಬ್ಬಿ ಇರುವ ಗಾಡಿಯಲ್ಲಿ ಏನೂ ತಿನ್ನುವಂತಿಲ್ಲ ಎಂದು ನಾನೇ ನೆನಪಿಸಬೇಕಾಯಿತು. ಪೊಟ್ಟಣ ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೇಲೆ ಕುಳಿತು ನಮ್ಮಿಬ್ಬರ ಹೊಟ್ಟೆ ಉರಿಸಿತು.

ಆಸ್ಪತ್ರೆಯಲ್ಲಿ ನಾಲ್ವರು ಕಾಯುತ್ತಿದ್ದರು. ನಾಲ್ಕನೆಯವಳು ಮಲ್ಲಮ್ಮ. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸ, ಕೆ.ಆರ್. ಪುರಂನಲ್ಲೇ ಬಾಡಿಗೆ ಕೋಣೆ. ದೂರದೂರಿನವರಿಗೆ ವಾಪಸ್ ಬಸ್ಸು ಸಿಗಲೆಂದು ಅವರನ್ನು ಮೊದಲು, ಊರಿನವರನ್ನು ಕೊನೆಗೆ ಕರೆಯುವುದು ನಮ್ಮ ಪದ್ಧತಿ. ಹಾಗಾಗಿ ಅವಳು ಕೊನೆ. ಕುತ್ತಿಗೆಯ ಗಂಟಿಗೆ ಆರು ಸಲ ಕೀಮೋ ಮುಗಿದಿತ್ತು. ಗಂಟು ಸತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಈ ಸ್ಕ್ಯಾನು, ಮರುದಿನ ಬೆಳಿಗ್ಗೆ ವೈದ್ಯರ ಸಭೆ. ಎರಡು ಸಲ ಬಂದು ವಾಪಸ್ ಹೋಗಿದ್ದಳು. ಒಮ್ಮೆ ಯಂತ್ರ ನಿಂತಿತ್ತು, ಇನ್ನೊಮ್ಮೆ ಖಾಲಿ ಹೊಟ್ಟೆಯಲ್ಲಿರಬೇಕಾದ ಅವಳು ತಡೆಯಲಾರದೆ ಸಕ್ಕರೆ ಹಾಕಿದ ಚಹಾ ಕುಡಿದುಬಿಟ್ಟಿದ್ದಳು. ಆಗ ನನ್ನ ಮುಖ ನೋಡಿ ಹೇಳಿದ್ದಳು, "ಇನ್ನೊಮ್ಮಿ ಆಗಲಿಲ್ಲಂದ್ರ ನಾ ಮತ್ತ ಬರಂಗಿಲ್ರಿ ಅಕ್ಕಾ. ಊರಿಗೆ ಹೋಗಿಬಿಡ್ತೀನಿ." ಅವಳು ಬರಿಮಾತಿಗೆ ಹಾಗೆ ಹೇಳುವವಳಲ್ಲ.

ಕೆ.ಆರ್. ಪುರಂನ ತೂಗುಸೇತುವೆ ದಾಟುವಾಗಲೇ ಒಂಬತ್ತೂವರೆ. ಟಿನ್ ಫ್ಯಾಕ್ಟರಿ ನಿಲ್ದಾಣದ ಹತ್ತಿರ ನೀರಿನ ಟ್ಯಾಂಕರೊಂದು ರಸ್ತೆಗೆ ಅಡ್ಡಲಾಗಿ ಕೆಟ್ಟು ನಿಂತಿತ್ತು. ಸಲೀಂ ಭಾಯ್ ಇಂಜಿನ್ ಆರಿಸಿದರು. ಬೆಂಗಳೂರಿನಲ್ಲಿ ಡ್ರೈವರ್ ಇಂಜಿನ್ ಆರಿಸಿದನೆಂದರೆ ಆಸೆ ಬಿಟ್ಟ ಹಾಗೆ. ತಲೆಯ ಮೇಲೆ ಮೆಟ್ರೋ ಸರ್ರನೆ ಹೋಯಿತು. ಈ ಡಬ್ಬಿಯನ್ನು ಅದರಲ್ಲಿ ಒಯ್ಯುವಂತಿಲ್ಲ.

ಆಗ ನನ್ನ ತಪ್ಪು ನನಗೆ ಹೊಳೆಯಿತು. ಔಷಧಿ ಆರ್ಡರ್ ಮಾಡುವಾಗ ಎಷ್ಟು ಹೊತ್ತಿಗೆ ಎಷ್ಟು ಶಕ್ತಿ ಉಳಿದಿರಬೇಕು ಎಂದು ಬರೆಯಬೇಕು. ಐವತ್ತು ನಿಮಿಷದ ದಾರಿ ಎಂದು ನಂಬಿ ನಾನು ಹತ್ತು ಗಂಟೆ ಎಂದು ಬರೆದಿದ್ದೆ. ಕುಕ್ ಟೌನಿನಲ್ಲಿ ಬೆಳೆದ ನಮ್ಮಂಥವರು ಕೆ.ಆರ್. ಪುರಂ ಕಡೆ ಹೋಗುವುದು ಮದುವೆ ಊಟಕ್ಕೆ, ಅದೂ ಭಾನುವಾರ. ನನ್ನ ತಲೆಯಲ್ಲಿದ್ದದ್ದು ಭಾನುವಾರದ ರಸ್ತೆ, ಅವತ್ತು ಮಂಗಳವಾರ. ಹತ್ತು ವರ್ಷದ ಅನುಭವ ಎಂದು ಜಂಬ ಕೊಚ್ಚುವವಳು ವಾರವನ್ನೇ ಮರೆತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಗಾಡಿ ನಿಂತಲ್ಲೇ ನಿಂತಿತ್ತು. ನನ್ನ ಸುತ್ತ ಇದ್ದದ್ದೆಲ್ಲ ಒಂದೇ ವಂಶದ ಅಲೆಗಳು ಎಂದು ಅಲ್ಲಿ ಕುಳಿತಾಗ ಅನ್ನಿಸಿತು. ಸಿಗ್ನಲ್ಲಿನ ಕೆಂಪು, ತಗಡಿನಿಂದ ಒಳಗೆ ಬರುತ್ತಿದ್ದ ಬಿಸಿಲ ಕಾವು, ನನ್ನ ಫೋನಿಗೆ ಟವರಿನಿಂದ ಬರುತ್ತಿದ್ದ ರೇಡಿಯೋ ಅಲೆ, ಹಿಂದೆ ಸೀಸದೊಳಗಿನ ಗಾಮಾ ಕಿರಣ. ಒಂದರ ಅಲೆ ಉದ್ದ, ಇನ್ನೊಂದರದು ಗಿಡ್ಡ, ಅಷ್ಟೇ. ಎಲ್ಲವೂ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವಂಥವು, ಅವನ್ನು ಹೊತ್ತ ನಾವು ಮಾತ್ರ ಟ್ಯಾಂಕರಿನ ಹಿಂದೆ. ಫೋನಿನ ನಕ್ಷೆಯ ಕಂಪ್ಯೂಟರು ಮೊದಲು ಇಪ್ಪತ್ತೆಂಟು ನಿಮಿಷ ಎಂದಿತು, ಆಮೇಲೆ ಮೂವತ್ತೊಂಬತ್ತು, ಆಮೇಲೆ ನಾಚಿಕೆಯಿಲ್ಲದೆ ಐವತ್ತೆರಡು ಎಂದಿತು.

ಹತ್ತು ಗಂಟೆಗೆ ನಮ್ಮ ವಿಭಾಗದ ಡಾಕ್ಟರ್ ಮೇಡಂ ಫೋನ್ ಮಾಡಿದರು. ಲೆಕ್ಕ ಅವರಿಗೂ ಗೊತ್ತಿತ್ತು.

"ಇನ್ನು ಎಷ್ಟು ಬೇಗ ಬಂದ್ರೂ ಮೂರು ಜನಕ್ಕೇ ಸರಿಯಾಗಿ ಸಾಲಲ್ಲ. ಕೊನೆಯವರನ್ನ ಮುಂದಿನ ವಾರ ಬರೋಕೆ ಹೇಳ್ಬಿಡ್ಲಾ?"

ಕಾಯಲು ಬಿಡಿ, ನಾನು ಬರುವವರೆಗೆ ಯಾರನ್ನೂ ಕಳಿಸಬೇಡಿ ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ. ಮಲ್ಲಮ್ಮ ಬೆಳಗಿನ ಮೊದಲ ಬಸ್ಸಿಗೇ ಬಂದು ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಾಳೆ, ಈ ಸಲ ಚಹಾ ಮುಟ್ಟಿಲ್ಲ ಎಂದು ಕೇಳದಿದ್ದರೂ ಎಲ್ಲರಿಗೂ ಹೇಳುತ್ತಿದ್ದಾಳೆ ಎಂದು ಮೇಡಂ ತಿಳಿಸಿದರು. ಅವಳ ಕೋಣೆ ನಾವು ಸಿಕ್ಕಿಬಿದ್ದ ಜಾಗದಿಂದ ಎರಡು ಕಿಲೋಮೀಟರೂ ಇರಲಿಲ್ಲ. ರೋಗಿ ಬೇಗ ಹೋಗಿ ತಲುಪಿದ್ದಳು, ಔಷಧಿ ಅವಳ ಬೀದಿಯ ಹತ್ತಿರವೇ ಕೊಳೆಯುತ್ತಿತ್ತು.

ಹತ್ತೂ ಕಾಲಿಗೆ ಟ್ಯಾಂಕರನ್ನು ಬದಿಗೆ ಎಳೆದರು. ಇಂದಿರಾನಗರದ ತಿರುವಿನವರೆಗೆ ಗಾಡಿ ಚೆನ್ನಾಗಿ ಓಡಿತು. ಅಲ್ಲಿ ಪೊಲೀಸರೊಬ್ಬರು ಹಳದಿ ಫಲಕ ನೋಡಿ ಕೈ ಅಡ್ಡ ಹಿಡಿದರು. ಕಾಗದ ಕೊಟ್ಟೆ, ಇದು ಔಷಧಿ, ನಿಮಿಷ ನಿಮಿಷಕ್ಕೂ ಕಡಿಮೆಯಾಗುತ್ತಿದೆ ಎಂದು ಬಿಡಿಸಿ ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಕಾಗದವನ್ನು ಮಾತ್ರ ನಿಧಾನವಾಗಿ ಕೊನೆಯ ಸಾಲಿನವರೆಗೆ ಓದಿದರು. ಅವರ ತಪ್ಪೇನಿಲ್ಲ, ಅದು ಅವರ ಕೆಲಸ. ಆದರೂ ಆ ಎಂಟು ನಿಮಿಷ ನನ್ನ ಉಗುರುಗಳು ಅಂಗೈಗೆ ನೆಟ್ಟಿದ್ದವು.

ಹಲಸೂರಿನಲ್ಲಿ ರಸ್ತೆ ಅಗೆದಿದ್ದರು. ಸಲೀಂ ಭಾಯ್ ಕೇಳದೆ ಮಾರುಕಟ್ಟೆಯ ಗಲ್ಲಿಗೆ ನುಗ್ಗಿಸಿದರು. ಹೂವಿನ ಗಾಡಿಯವನಿಗೆ ತಮಿಳಿನಲ್ಲಿ, ಬಾಳೆಹಣ್ಣಿನವನಿಗೆ ದಖನಿ ಉರ್ದುವಿನಲ್ಲಿ, ಆಟೋದವನಿಗೆ ಕನ್ನಡದಲ್ಲಿ ದಾರಿ ಕೇಳುತ್ತಾ ಒಂದೊಂದು ಅಡಿ ಸಾಗಿದೆವು. ತಪ್ಪು ನನ್ನದೇ ಎಂದು ಅವರಿಗೆ ಹೇಳಿಬಿಟ್ಟೆ. ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಮೇಡಂ, ಆಗಿದ್ದು ಆಗೋಯ್ತು. ಕಮ್ಮಿ ಇದ್ರೆ ಕಮ್ಮಿಲೇ ಮಾಡೋಕಾಗಲ್ವಾ? ನಮ್ಮನೇಲಿ ನಲ್ಲಿ ಸಣ್ಣಗೆ ಬರತ್ತೆ. ಬಿಂದಿಗೆ ತುಂಬೋವರೆಗೂ ನಿಂತ್ಕೊಂಡಿರ್ತೀವಿ."

ಅದು ಸಾಧ್ಯ ಎಂದು ನನಗೆ ಗೊತ್ತಿರಬೇಕಿತ್ತು. ಗಾಬರಿಯಲ್ಲಿ ತಲೆ ಓಡಿರಲಿಲ್ಲ. ಕಿರಣ ಕಡಿಮೆಯಾದರೆ ಯಂತ್ರದ ಕೆಳಗೆ ಹೆಚ್ಚು ಹೊತ್ತು ಮಲಗಿಸಬೇಕು, ಕಂಪ್ಯೂಟರಿಗೆ ಬೇಕಾದಷ್ಟು ಕಿರಣಗಳು ನಿಧಾನವಾಗಿ ಸೇರುತ್ತವೆ. ಮೊದಲ ಮೂವರಿಗೆ ಸ್ವಲ್ಪ ಸ್ವಲ್ಪ ಕಡಿಮೆ ಕೊಟ್ಟರೆ ಕೊನೆಗೆ ಅರ್ಧ ಪ್ರಮಾಣ ಉಳಿಯುತ್ತದೆ. ಮಲ್ಲಮ್ಮನ ಹಿಂದೆ ಯಾರೂ ಕಾಯುತ್ತಿಲ್ಲ, ಯಂತ್ರ ಖಾಲಿ. ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದು ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಅವರು ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು. ಎರಡು ಕೈ ತಲೆಯ ಮೇಲೆ ಎತ್ತಿಕೊಂಡು ನಲವತ್ತು ನಿಮಿಷ ಅಲುಗದೆ ಮಲಗಬೇಕು. ಇಪ್ಪತ್ತು ನಿಮಿಷಕ್ಕೇ ಗಂಡಸರು ಭುಜ ನೋವೆಂದು ಅಳುತ್ತಾರೆ. ಅಲುಗಿದರೆ ಚಿತ್ರ ಕಲಸಿಹೋಗುತ್ತದೆ, ಮತ್ತೆ ಕೊಡಲು ಔಷಧಿ ಇರುವುದಿಲ್ಲ.

ಹನ್ನೊಂದು ಹತ್ತಕ್ಕೆ ಆಸ್ಪತ್ರೆಯ ಹಿಂಬಾಗಿಲು ತಲುಪಿದೆವು. ಸಲೀಂ ಭಾಯ್ ಡಬ್ಬಿ ಇಳಿಸಿಕೊಟ್ಟು, ಕೈ ತೊಳೆದು ತಪಾಸಣೆ ಮಾಡಿಸಿಕೊಂಡು, ಗೇಟಿನ ಹೊರಗೆ ನಿಂತು ತಣ್ಣಗಾದ ಸಮೋಸಾ ತಿಂದರು.

ಮಲ್ಲಮ್ಮನ ಸರದಿ ಬಂದದ್ದು ಊಟದ ಹೊತ್ತು ಮೀರಿ. ಹಸಿವಿನಿಂದ ಅವಳ ತುಟಿ ಬಿಳಚಿತ್ತು. ಔಷಧಿ ಕಡಿಮೆ ಇರುವುದನ್ನು, ಅದಕ್ಕೆ ಕಾರಣ ನಾನು ಎನ್ನುವುದನ್ನು ಮುಚ್ಚಿಡದೆ ಹೇಳಿದೆ. ನಲವತ್ತು ನಿಮಿಷ ಆಗುತ್ತದಾ ಎಂದು ಕೇಳಿದೆ. ಅವಳು ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

"ಹದಿನೈದು ವರ್ಷ ತಲಿ ಮ್ಯಾಲ ಇಟ್ಟಂಗಿ ಬುಟ್ಟಿ ಹಿಡದ ಕೈ ಅದಾವ್ರಿ ಇವು. ನಡಕೋತ ಹಿಡದೀನಿ, ಮಲಗಿ ಹಿಡಿಯೂದೇನ್ ದೊಡ್ಡದ್ರಿ?"

ಗಾಜಿನ ಈಚೆ ಕುಳಿತು ನಾನು ಅವಳ ಮೊಣಕೈಗಳನ್ನೇ ನೋಡುತ್ತಿದ್ದೆ. ಮೂವತ್ತನೆಯ ನಿಮಿಷಕ್ಕೆ ನನ್ನ ಭುಜವೇ ನೋಯತೊಡಗಿತು. ಅವಳ ಕೈ ಅಲುಗಲಿಲ್ಲ. ಪರದೆಯ ಮೇಲೆ ಚಿತ್ರ ಪದರ ಪದರವಾಗಿ ಕೂಡಿಕೊಂಡಿತು. ಮಿದುಳು, ಮೂತ್ರಕೋಶ ಎಲ್ಲರಲ್ಲೂ ಬೆಳಗುವಂತೆ ಬೆಳಗಿದವು. ಕುತ್ತಿಗೆಯಲ್ಲಿ ಏನೂ ಇರಲಿಲ್ಲ. ಎರಡು ಸಲ ನೋಡಿದೆ, ಮೂರನೆಯ ಸಲ ಕಣ್ಣು ತುಂಬಿ ಸರಿಯಾಗಿ ಕಾಣಲಿಲ್ಲ.

ಫಲಿತಾಂಶ ಹೇಳುವ ಅಧಿಕಾರ ನನಗಿಲ್ಲ, ಅದು ವೈದ್ಯರದು. ಅವಳೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಇಷ್ಟೇ ಕೇಳಿದಳು, "ಮತ್ತ ಬರಬೇಕೇನ್ರಿ ಸ್ಕ್ಯಾನಿಗೆ?"

"ಬೇಡಮ್ಮ, ಚಿತ್ರ ಚೆನ್ನಾಗಿ ಬಂದಿದೆ," ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

ನಾಲ್ಕು ಗಂಟೆಗೆ ಶಿವಾಜಿನಗರದ ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದೆ. ಒಂದು ಬನ್ನು, ಸಕ್ಕರೆ ಹಾಕಿದ ಚಹಾ ಕೊಡಿಸಿದೆ, ಎರಡನೆಯ ಲೋಟವನ್ನು ಅವಳೇ ಕೇಳಿ ಕುಡಿದಳು. ಮೈಯಲ್ಲಿ ಇನ್ನೂ ಕಿರಣವಿದೆ, ರಾತ್ರಿಯವರೆಗೆ ಮಕ್ಕಳ, ಬಸುರಿಯರ ಪಕ್ಕ ಕೂರಬೇಡ ಎಂದು ನೆನಪಿಸಿದೆ. ಅವಳು ಸೊನ್ನೆ ರೂಪಾಯಿ ಟಿಕೆಟ್ ಹಿಡಿದು, ಖಾಲಿ ಇದ್ದ ಹಿಂದಿನ ಸೀಟು ಹುಡುಕಿ ಕಿಟಕಿ ಪಕ್ಕ ಒಬ್ಬಳೇ ಕುಳಿತಳು. ಬಸ್ಸು ಹಲಸೂರಿನ ಕಡೆ ತಿರುಗಿತು. ಬೆಳಿಗ್ಗೆ ನಾವು ತಂದದ್ದರಲ್ಲಿ ಉಳಿದ ಚೂರು ಅವಳೊಳಗೆ ಅದೇ ರಸ್ತೆಯಲ್ಲಿ ಕೆ.ಆರ್. ಪುರಂಗೆ ವಾಪಸ್ ಹೊರಟಿತ್ತು. ಟಿನ್ ಫ್ಯಾಕ್ಟರಿಯಲ್ಲಿ ಎಷ್ಟು ಹೊತ್ತು ನಿಂತರೂ ಇನ್ನು ಚಿಂತೆಯಿರಲಿಲ್ಲ.