ಹನ್ನೆರಡು ನಿಮಿಷದ ಗ್ಯಾಸ್

ನೆಂಟರಿಷ್ಟರ ನಡುವೆ ಅವಳ ಹೆಸರು ಇಲಿ ಡಾಕ್ಟರು. ಔಷಧಿ ಮನುಷ್ಯನ ಮೈಗೆ ಹೋಗುವ ಮುಂಚೆ ಯಾರಾದರೂ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಬೇಕು, ಆ ಯಾರೋ ಒಬ್ಬರು ತಾನು ಎಂದು ವಿವರಿಸಿ ವಿವರಿಸಿ ಅವಳ ಬಾಯಿ ಒಣಗಿತ್ತು. "ಎಲ್ಲರೂ ಬೆಟ್ಟ ಅಗೆದು ಇಲಿ ಹಿಡಿದ್ರೆ, ನಮ್ಮ ನಾದಿನಿ ಇಲಿ ಹಿಡಿದು ಬೆಟ್ಟ ಅಗೀತಿದ್ದಾಳೆ" ಎಂದು ಅತ್ತಿಗೆ ಸಿಕ್ಕಸಿಕ್ಕ ಮದುವೆಯಲ್ಲೆಲ್ಲ ಹೇಳಿ ನಗಿಸುತ್ತಿದ್ದಳು. ತಂಗಿಯ ಕೆಲಸದ ಮೇಲೆ ನಂಬಿಕೆ ಇದ್ದದ್ದು ಅಣ್ಣನೊಬ್ಬನಿಗೇ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಹೋಗುವುದೆಲ್ಲ ನಿಧಾನ ಎಂಬುದು ಅವನಿಗೆ ಗೊತ್ತಿತ್ತು.

ನಿಧಾನವೆಂದರೆ ಹತ್ತೊಂಬತ್ತು ವರ್ಷ. ಎರಡನೇ ಮಹಡಿಯಲ್ಲೊಂದು ಕಿಟಕಿಯಿಲ್ಲದ ಕೋಣೆ, ಅಲ್ಲಿ ಮರದ ಹೊಟ್ಟಿನ ವಾಸನೆ. ಪ್ರಜ್ಞೆ ತಪ್ಪಿಸುವ ಗ್ಯಾಸ್ ಕೊಟ್ಟು ಮಲಗಿಸಿದ ಇಲಿಯ ಎದೆ ತೆರೆದು, ಹೃದಯದ ರಕ್ತನಾಳವೊಂದನ್ನು ಅರ್ಧ ಗಂಟೆ ದಾರದಿಂದ ಬಿಗಿದು, ಆಮೇಲೆ ಸಡಿಲಿಸುವುದು. ಮರುದಿನ ಆ ಹೃದಯವನ್ನು ತೆಳ್ಳಗೆ ಸೀಳಿ ಬಣ್ಣದಲ್ಲಿ ಅದ್ದುವುದು. ಬದುಕಿದ ಮಾಂಸ ಕೆಂಪಾಗುತ್ತದೆ, ಸತ್ತದ್ದು ಬಿಳಚಿಯೇ ಉಳಿಯುತ್ತದೆ. ರಕ್ತ ಸಿಗದ ಹೃದಯವನ್ನು ಕಾಪಾಡಬೇಕಾದ ಅವಳ ಔಷಧಿ ಕೊಟ್ಟ ಇಲಿಗಳಲ್ಲಿ ಬಿಳಿಭಾಗ ಮೂರರಲ್ಲೊಂದು ಪಾಲು ಕಡಿಮೆ. ಯಾವ ಚೂರು ಯಾವ ಇಲಿಯದೆಂದು ತನಗೇ ತಿಳಿಯದಂತೆ ಗುರುತು ಹಾಕಿಸಿ ಅಳೆದಿದ್ದೇನೆ ಎಂದು ಅವಳು ಹೆಮ್ಮೆಪಡುತ್ತಿದ್ದಳು.

ಇನ್ನೇನು ಬೈಪಾಸ್ ಆಪರೇಷನ್ನಿಗೆ ಹೋಗುವ ರೋಗಿಗಳಿಗೆ ಅದನ್ನು ಕೊಟ್ಟು ನೋಡುವುದೆಂದು ತೀರ್ಮಾನವಾಗಿತ್ತು. ಅದೇ ಹೊತ್ತಿಗೆ ಅಣ್ಣನ ಹೃದಯದ ಮೂರು ರಕ್ತನಾಳಗಳು ಕಟ್ಟಿಕೊಂಡವು. ಬೇಗ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದರೆ, ತಂಗಿಯ ಔಷಧಿ ಬರಲಿ ಎಂದು ಅವನು ಹಟ ಹಿಡಿದು ನಾಲ್ಕು ತಿಂಗಳು ಕೂತ. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತಿದ್ದ. ಕಾಯಬೇಡ ಎಂದು ಅವಳೂ ಹೇಳಲಿಲ್ಲ.

ಅಷ್ಟರಲ್ಲಿ ದೂರದ ಲ್ಯಾಬೊಂದು ಅದೇ ಪ್ರಯೋಗ ಮಾಡಿ, ಔಷಧಿಯಿಂದ ಏನೂ ಪ್ರಯೋಜನ ಕಾಣಲಿಲ್ಲ ಎಂದು ಬರೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಸಿಡುಕಿದಳು. ಅವರಿಗೆ ಸರಿಯಾದ ವಿಧಾನ ಕಲಿಸಿಯೇ ಬಿಡೋಣವೆಂದು, ಸ್ಟಾಪ್‌ವಾಚ್ ಹಿಡಿದು, ಹದಿನೈದು ವರ್ಷದಿಂದ ಇಲಿಗಳ ಆಪರೇಷನ್ ಮಾಡುತ್ತಿದ್ದ ಟೆಕ್ನಿಷಿಯನ್ನನ ಪಕ್ಕ ಕೂತಳು.

ಗ್ಯಾಸಿನಲ್ಲಿ ಮಲಗಿದ್ದ ಇಲಿಗೆ, ನಾಳ ಬಿಗಿಯುವ ಮುಂಚೆ, ಔಷಧಿಯನ್ನು ಅವನು ಹನಿಹನಿಯಾಗಿ ಕೊಟ್ಟ, ಬೇಗ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆಂದು. ಅದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಹೋಲಿಕೆಗಿಟ್ಟ ಇಲಿಗೆ ಉಪ್ಪುನೀರನ್ನು ಒಂದೇ ಸಲಕ್ಕೆ ಚುಚ್ಚಿ ಮುಗಿಸಿದ. ಹಾಗೇಕೆ ಎಂದು ಕೇಳಿದಳು.

"ಬರೀ ಉಪ್ಪುನೀರು ತಾನೇ ಮೇಡಂ? ಪಾಪ, ಅದನ್ನ ಯಾಕೆ ಸುಮ್ಮನೆ ಗ್ಯಾಸಲ್ಲಿ ಮಲಗಿಸಿಡೋದು."

ಅವಳು ಸ್ಟಾಪ್‌ವಾಚ್ ಒತ್ತಿ ನಿಲ್ಲಿಸಿದಳು. ಆ ಗ್ಯಾಸೇ ಹೃದಯವನ್ನು ಕಾಪಾಡುತ್ತದೆಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅವಳೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಳು. ಔಷಧಿಯ ಇಲಿಗಳು ಹನ್ನೆರಡು ನಿಮಿಷ ಹೆಚ್ಚು ಗ್ಯಾಸ್ ಕುಡಿದಿದ್ದವು, ವರ್ಷಗಟ್ಟಲೆ. ಚೂರು ಅಳೆಯುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು ಆಪರೇಷನ್ ಟೇಬಲ್ಲಿನ ಹತ್ತಿರ ಮಾತ್ರ ಸುಳಿದಿರಲಿಲ್ಲ. ಅವನನ್ನು ಬೈಯುವುದಕ್ಕೂ ಬಾಯಿಲ್ಲ. ಎಷ್ಟು ಹೊತ್ತಿನಲ್ಲಿ ಕೊಡಬೇಕೆಂದು ಬರೆಯದೆ ಬಿಟ್ಟವಳು ಅವಳೇ.

ಎರಡೂ ಗುಂಪಿಗೆ ಸಮನಾಗಿ ಹನ್ನೆರಡು ನಿಮಿಷ ಕೊಟ್ಟು ಮತ್ತೆ ನಲವತ್ತು ಇಲಿಗಳ ಮೇಲೆ ಮಾಡಿಸಿದಳು. ಆರು ವಾರದ ನಂತರ ಗುರುತುಗಳ ಪಟ್ಟಿ ತೆರೆದರೆ ಕೆಂಪು, ಬಿಳಿ ಎರಡು ಕಡೆಯೂ ಒಂದೇ.

ಸಂಸ್ಥೆಯ ನಿರ್ದೇಶಕರು ಬಾಗಿಲು ಮುಂದಕ್ಕೆಳೆದು, ಔಷಧಿಯಿಂದ ತೊಂದರೆಯಂತೂ ಇಲ್ಲವಲ್ಲ, ಮನುಷ್ಯರಲ್ಲೂ ಒಮ್ಮೆ ನೋಡಿಬಿಡೋಣ ಎಂದರು. ಅವರ ಪುಸಲಾಯಿಸುವ ದನಿ ಕೇಳಿ ಅವಳಿಗೆ ರೇಗಿತು. ಒಂದು ಕ್ಷಣ ಹೌದೆನ್ನಲು ಬಾಯಿ ತೆರೆದಿದ್ದ ತನ್ನ ಮೇಲೆ ಇನ್ನೂ ರೇಗಿತು. ತನ್ನ ಕೋಣೆಗೆ ಬಂದು, ಹಳೆಯ ಫಲಿತಾಂಶ ತಪ್ಪು, ರೋಗಿಗಳ ಮೇಲಿನ ಪ್ರಯೋಗ ನಿಲ್ಲಿಸಿ ಎಂದು ಬರೆದು ಸಂಬಂಧಪಟ್ಟವರಿಗೆಲ್ಲ ಕಳಿಸಿ, ನೇರ ಅಣ್ಣನ ಮನೆಗೆ ಹೋದಳು.

ಅವನು ಎಲ್ಲವನ್ನೂ ಕೇಳಿದ. ಯಂತ್ರದ ಮನುಷ್ಯ, ಸಂತಾಪ ಹೇಳಲಿಲ್ಲ, ಎಲ್ಲಿ ಕೆಟ್ಟಿದೆ ಎಂದು ನೋಡಿದ.

"ಆ ಗ್ಯಾಸು ಆಪರೇಷನ್ನಲ್ಲಿ ನನಗೂ ಕೊಡ್ತಾರಾ?"

"ಕೊಡಬಹುದು. ಆಸ್ಪತ್ರೆಗಳಲ್ಲಿ ಇಟ್ಟೇ ಇರ್ತಾರೆ."

"ಯಾವಾಗಿಂದ?"

"ನಾನು ಕೆಲಸಕ್ಕೆ ಸೇರೋ ಮುಂಚಿಂದ."

ಅಣ್ಣ ಎದೆ ನೀವಿಕೊಂಡ. "ಹಾಗಾದ್ರೆ ನಾಲ್ಕು ತಿಂಗಳಿಂದ ನಾನು ಯಾವುದಕ್ಕೆ ಕಾಯ್ತಾ ಇದ್ದೆ?"

"ನನ್ನ ಮರ್ಯಾದೆಗೆ" ಎಂದು ಹೇಳಿ ಅವಳು ಆಸ್ಪತ್ರೆಯ ನಂಬರು ಒತ್ತಿದಳು.