ಕೊಲ್ಹಾರದ ಗೋಡೆ, ಇಂಡಿಯ ಬಕೀಟು

ಕೊಲ್ಹಾರದಲ್ಲಿ ಹಿನ್ನೀರಿಗೆ ಹತ್ತಿರದ ಮನೆಯಲ್ಲಿ ನನ್ನ ಅಕ್ಕ ಕುಪ್ಪಸ ಹೊಲಿಯುತ್ತಾಳೆ. ಹಾಕಿ ನೋಡಲು ಮರೆಯಿಲ್ಲವೆಂದು ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದ್ದರು. ಅದಕ್ಕೆಂದು ಹೋದ ಮಳೆಗಾಲದಲ್ಲಿ ಪಡಸಾಲೆಯ ಮೂಲೆಗೆ ಜಿಪ್ಸಮ್ ಹಲಗೆಯ ಗೋಡೆ ನಿಲ್ಲಿಸಿ ಸಣ್ಣ ಕೋಣೆ ಮಾಡಿಸಿದಳು. ಹಲಗೆಗಳ ಸಂದಿಗೆ ಯಾವ ಪುಟ್ಟಿ ತುಂಬುವುದು ಎಂಬುದಷ್ಟೇ ಉಳಿದಿತ್ತು.

ಇಂಡಿಯಲ್ಲಿ ನನ್ನ ಮನೆಗೆ ಕೆಲಸ ಮಾಡಿದ ಸಿಂದಗಿಯ ಮಿಸ್ತ್ರಿಯನ್ನೇ ಕರೆಸಿದ್ದೆ.

"ಇಲ್ಲಿ ಗಾಳ್ಯಾಗ ನೀರು ಐತ್ರಿ ಸರ. ಕಲಸಿ ಬರೂ ಡಬ್ಬಿ ಪುಟ್ಟಿ ಒಣಗೂದಿಲ್ಲ. ಪುಡಿ ತರಸ್ರಿ. ನೀರು ಹಾಕಿ ಕಲಸಿದ್ರ ತಾನ ಬಿಗೀತೈತಿ," ಎಂದ.

"ನಮ್ಮ ಮನಿಗೆ ಡಬ್ಬೀದ ಹಚ್ಚಿದ್ರಿ. ಒಂದ ಸೀಳು ಬಿಟ್ಟಿಲ್ಲ," ಎಂದೆ ನಾನು.

ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಪುರಾವೆ ನನ್ನ ಬಚ್ಚಲಲ್ಲೇ ಇತ್ತು: ಆ ಪುಟ್ಟಿ ಬಂದ ಬಿಳಿ ಬಕೀಟಿನಲ್ಲಿ ದಿನಾ ನೀರು ತುಂಬಿ ಸ್ನಾನ ಮಾಡುತ್ತೇನೆ. ಅಕ್ಕ ನನ್ನನ್ನು ನಂಬಿದಳು. ಮಿಸ್ತ್ರಿ ಡಬ್ಬಿಯದನ್ನು ಹಚ್ಚಿ ಹೋದ.

ಐದನೆಯ ದಿನ ಅಕ್ಕ ಸಂದಿಗೆ ಹೆಬ್ಬೆರಳು ಒತ್ತಿ ತೋರಿಸಿದಳು. ಗುರುತು ಮೂಡಿತು.

"ನಿನ್ನೆ ಒಬ್ಬಾಕಿ ಇಳಕಲ್ ಸೀರಿ ಉಟ್ಕೊಂಡು ಬಂದಿದ್ಲು. ಸೆರಗಿಗೆಲ್ಲ ಬಳಕೊಂಡು ಹೋದ್ಲು. ಇನ್ನೊಮ್ಮೆ ಬರ್ತಾಳೇನೋ ತಮ್ಮಾ?"

ಮರುದಿನ ಇಂಡಿಯಲ್ಲಿ ಸ್ನಾನಕ್ಕೆ ಕೂತಾಗ ಬಕೀಟನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಅರ್ಧ ಕಿತ್ತ ಚೀಟಿ. ಹೊರಗೋಡೆಗೆ ಹಚ್ಚುವ ಬಣ್ಣ ಬಂದ ಬಕೀಟು ಅದು, ಪುಟ್ಟಿಯದಲ್ಲ. ಮೈ ಒರೆಸಿಕೊಂಡು ಮಿಸ್ತ್ರಿಗೆ ಫೋನು ಮಾಡಿದೆ.

"ನಿಮ್ಮ ಮನಿಗೂ ಪುಡೀನ ಹಚ್ಚೇನ್ರಿ. ಆ ಬಕೀಟಿನ್ಯಾಗ ಕಲಸಿದ್ದೆ."

"ಅವತ್ತ ಹೇಳಬೇಕಿಲ್ಲೇನ್ರಿ?"

"ಹೇಳಿದ್ನೆಲ್ರಿ. ನೀವು ಭಾಳ ಸಾಲಿ ಕಲತವ್ರು, ಕೇಳಲಿಲ್ಲ."

ನನ್ನ ಮನೆಗೂ ಪುಡಿಯೇ ಎಂದು ಹೇಳಿದ್ದನೋ ಇಲ್ಲವೋ, ನನಗೆ ನೆನಪಿಲ್ಲ. ಈಗ ಅದರ ಮೇಲೆ ವಾದ ಹೂಡುವ ಸ್ಥಿತಿಯಲ್ಲೂ ನಾನಿರಲಿಲ್ಲ.

ಹಸಿ ಪುಟ್ಟಿ ಕೆರೆದರೆ ಸುಲಭವಾಗಿ ಕಿತ್ತು ಬಂತು. ಅದೊಂದೇ ಅದರ ಒಳ್ಳೆಯ ಗುಣ. ಪುಡಿಯನ್ನು ನಾನು ಬಸ್ಸಿನಲ್ಲಿ ಒಯ್ದ ಅದೇ ಬಕೀಟಿನಲ್ಲಿ ಮಿಸ್ತ್ರಿ ಕಲಸಿದ. ಸಂಜೆಯ ಹೊತ್ತಿಗೆ ಉಗುರು ಒತ್ತಿದರೂ ಗುರುತು ಮೂಡಲಿಲ್ಲ. ವಾರದ ಮೇಲೆ ಇಳಕಲ್ ಸೀರೆಯಾಕೆ ಬಂದಳಂತೆ. ಮೊದಲು ಗೋಡೆಗೆ ಬೆರಳು ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡಳಂತೆ.

ಬಕೀಟನ್ನು ಅಕ್ಕ ಹಿಂದಿರುಗಿಸಿಲ್ಲ. ತುಂಡು ಬಟ್ಟೆ ಹಾಕಲು ಇಟ್ಟುಕೊಂಡಿದ್ದಾಳೆ. ಚೀಟಿಯ ಬದಿಯನ್ನು ಬಾಗಿಲ ಕಡೆಗೆ ತಿರುಗಿಸಿದ್ದಾಳೆ. ನಾನು ಒಳಗೆ ಹೋದಾಗ ಮೊದಲು ಕಾಣುವುದು ಅದೇ.