ಐಬು ಹೇಳಿದ ಮೇಲೆ ಟವಲ್

ದನದ ಸಂತೆಯಲ್ಲಿ ನಮ್ಮದೊಂದು ಪದ್ಧತಿಯಿದೆ. ದರ ಮಾತಾಡುವಾಗ ಬಾಯಿಗೆ ಕೆಲಸವಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡನ್ನೂ ಒಂದು ಟವಲ್ ಕೆಳಗೆ ಮುಚ್ಚಿ, ಬೆರಳು ಹಿಡಿದು ಬೆಲೆ ಹೇಳುತ್ತೇವೆ. ಸುತ್ತ ಎಷ್ಟು ಜನ ನಿಂತಿದ್ದರೂ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಟವಲ್ ಹಾಕುವ ಮುಂಚೆ ಒಂದನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಲೇಬೇಕು: ಐಬು. ಎತ್ತು ಹಾಯುತ್ತದೆಯೋ, ನೊಗ ಕಂಡರೆ ಮಲಗುತ್ತದೆಯೋ, ಹಿಂಗಾಲು ಎಳೆಯುತ್ತದೆಯೋ, ಇದ್ದ ದೋಷ ಇದ್ದ ಹಾಗೆ. ಹೇಳಿ ಕೊಟ್ಟರೆ ಮುಂದಿನ ಹೊಣೆ ಕೊಂಡವನದು. ಮುಚ್ಚಿ ಕೊಟ್ಟರೆ ಎಂಟು ದಿನದೊಳಗೆ ಎತ್ತು ವಾಪಸ್ಸು ಬರುತ್ತದೆ, ಹೋದ ಮರ್ಯಾದೆ ಬರುವುದಿಲ್ಲ.

ಹಾನಗಲ್ಲಿನ ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಂತು ಈ ದಂಧೆ ಕಲಿತವನು ನಾನು. ಇವತ್ತು ತಿಳವಳ್ಳಿಯಲ್ಲಿ ಸ್ವಂತ ಮನೆ, ಸ್ವಂತ ಪಿಕಪ್ ಗಾಡಿ, ನಾಲ್ಕು ತಾಲೂಕಿನಲ್ಲಿ ನನ್ನ ಮಾತಿನ ಮೇಲೆ ಎತ್ತುಗಳ ಜೋಡಿ ಕೈ ಬದಲಾಗುತ್ತವೆ. ಸೂಜಿ ಹಾಕಿಸಿ ಕುಂಟು ಮುಚ್ಚಿಕೊಂಡು ಎತ್ತು ತರುವವರಿದ್ದಾರೆ. ಅಂಥ ಎತ್ತು ಬೆಳಿಗ್ಗೆ ರಾಜನ ಹಾಗೆ ನಡೆದು ಮಧ್ಯಾಹ್ನಕ್ಕೆ ಕೂತುಬಿಡುತ್ತದೆ. ಅದಕ್ಕೇ ನಾನು ಕೇಳಿದವರಿಗೂ ಕೇಳದವರಿಗೂ ಹೇಳುವುದು: ಬೆಳಿಗ್ಗೆ ನೋಡಿದ ಎತ್ತನ್ನು ಮಧ್ಯಾಹ್ನ ಇನ್ನೊಮ್ಮೆ ನಡೆಸಿ ನೋಡಿ. ಅದೂ ಹಿಂದಕ್ಕೆ. ಮುಂದಕ್ಕೆ ಎಲ್ಲವೂ ನಡೆಯುತ್ತವೆ.

ಇಷ್ಟು ಬಲ್ಲ ನಾನು ನನ್ನ ಅಕ್ಕನ ಮಗನ ವಿಷಯದಲ್ಲಿ ಐಬು ಹೇಳುವುದು, ಮಧ್ಯಾಹ್ನ ನಡೆಸಿ ನೋಡುವುದು ಎರಡನ್ನೂ ಮರೆತೆ.

ಅವನು ಕಬಡ್ಡಿ ಆಟಗಾರ. ಅದೇ ಅವನ ಹೊಟ್ಟೆಪಾಡು. ಮಾಸೂರಿನಲ್ಲಿ, ಮದಗದ ಕೆರೆಯ ಕೆಳಗಿನ ಗದ್ದೆಗಳಿಗೆ ಅಕ್ಕ ನಾಟಿಗೆ ಹೋಗುತ್ತಿದ್ದಾಗ ಬದುವಿನಿಂದ ಬದುವಿಗೆ ಹಾರುತ್ತ ಬೆಳೆದ ಕಾಲು ಅವನದು. ಟಿವಿಯಲ್ಲಿ ಬರುವ ದೊಡ್ಡ ಲೀಗಿನಲ್ಲಿ ಎರಡು ಸೀಸನ್ ರೇಡರ್ ಆಗಿ ಆಡಿದ. ಎರಡನೆಯ ಸೀಸನ್ನಿನಲ್ಲಿ ಬಲ ಮೊಣಕಾಲು ತಿರುಚಿತು, ಆಪರೇಷನ್ ಆಯಿತು, ತಂಡದವರು ಅವನನ್ನು ಬಿಟ್ಟರು. ಊರಿಗೆ ಬಂದ. ನಮ್ಮ ಕಡೆ ಮ್ಯಾಟ್ ಕಬಡ್ಡಿಯ ಹುಚ್ಚು ಎಷ್ಟೆಂದರೆ, ಟಿವಿಯಲ್ಲಿ ಆಡಿದವನು ಬರುತ್ತಾನೆ ಅಂದರೆ ಮರದ ಮೇಲೂ ಜನ ಹತ್ತುತ್ತಾರೆ. ಅವನ ವ್ಯವಹಾರ ನಾನು ನೋಡಿಕೊಳ್ಳುತ್ತೇನೆ ಎಂದೆ. ಸೋದರಮಾವನಿಗಿಂತ ಒಳ್ಳೆಯ ದಲಾಲಿ ಯಾರು ಸಿಗುತ್ತಾರೆ?

ಶಿಗ್ಗಾಂವಿಯಲ್ಲಿ ಕಾಳುಕಡಿಯ ಸಾವ್ಕಾರರೊಬ್ಬರು ಒಂದು ತಂಡ ಕಟ್ಟಿದ್ದರು. ಅವರ ಅಂಗಡಿಯಲ್ಲಿ ಗೋವಿನಜೋಳದ ಚೀಲದ ಮೇಲೆ ಕೂತು ಮಾತಿಗೆ ಇಳಿದೆವು. ಸೋದರಳಿಯ ಪಕ್ಕದಲ್ಲೇ ನಿಂತಿದ್ದ. ಸಾವ್ಕಾರರು ನಗುತ್ತ ತಮ್ಮ ಹೆಗಲ ಮೇಲಿನ ಟವಲ್ ತೆಗೆದರು.

“ಪದ್ಧತಿ ಪ್ರಕಾರನ ಆಗ್ಲಿ ದಲಾಲಿ. ಮೊದ್ಲ ಐಬು ಹೇಳು. ಮೊಣಕಾಲಿಂದು ಏನೋ ಸುದ್ದಿ ಕೇಳಿದ್ದೆ.”

“ಸಾವ್ಕಾರ್ರ, ಕುದುರಿ ಇದ್ದಂಗ ಅದಾನ. ಒಂದ ಕೆಲಸ ಮಾಡೂಣು. ಮ್ಯಾಟಿಗೆ ಇಳದ್ರ ರೊಕ್ಕ, ಕುಂತ್ರ ಒಂದ ಪೈಸಾನೂ ಬ್ಯಾಡ. ದರ ಮಾತ್ರ ನಾ ಹೇಳಿದ್ದ ಆಗಬೇಕು.”

ಟವಲ್ ಬಿತ್ತು, ಬೆರಳು ಸೇರಿದವು, ನಾನು ಹೇಳಿದ ದರಕ್ಕೇ ಮುಗಿಯಿತು. ಎಂಥ ಖುಷಿ ನನಗೆ! ಗಾಡಿ ಓಡಿಸುತ್ತ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿದ್ದೆ. ಬಂಕಾಪುರ ದಾಟಿದ ಮೇಲೆ ಅಳಿಯ ಮೆಲ್ಲಗೆ ಕೇಳಿದ:

“ಮಾಮಾ, ಒಂದೊಂದ ದಿನ ಕಾಲು ಭಾಳ ತ್ರಾಸ ಕೊಡತೈತಿ. ಅವತ್ತ ಏನ ಮಾಡ್ಲಿ?”

“ಅವತ್ತೂ ಇಳೀಬೇಕು. ಮತ್ತೇನು!” ಅಂದೆ.

ಆ ಎರಡು ಮಾತನ್ನು ಎಷ್ಟು ಸಲ ವಾಪಸ್ಸು ನುಂಗಬೇಕೆಂದುಕೊಂಡಿದ್ದೇನೋ.

ಆದರೆ ಆಟ! ಆ ಆಟವನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಸವಣೂರಿನ ಪಂದ್ಯದಲ್ಲಿ ನಮ್ಮವರು ಐದು ಅಂಕ ಹಿಂದಿದ್ದರು, ಆಟ ಮುಗಿಯಲು ಮೂರೇ ನಿಮಿಷ. ಅಳಿಯ ತೊಡೆ ತಟ್ಟಿ ಗೆರೆ ದಾಟಿದ. ಎಡಮೂಲೆಯವನು ಕಾಲಿಗೆ ಬಿದ್ದ, ಇವನು ಅವನ ಬೆನ್ನ ಮೇಲಿಂದ ಹಾರಿದ. ನಡುವಿನವರಿಬ್ಬರು ಸರಪಳಿ ಹಾಕಿ ಬಂದರು, ಇವನು ಹಾವಿನ ಹಾಗೆ ಅವರ ಕೈ ಕೆಳಗೆ ನುಸುಳಿ, ಬೆರಳ ತುದಿಯಲ್ಲಿ ನಡುಗೆರೆ ಮುಟ್ಟಿದ. ಮೂರು ಅಂಕ! ನಾನು ಯಾರದೋ ಹೆಗಲ ಮೇಲಿದ್ದೆ. ನನ್ನ ಹೆಗಲ ಮೇಲೆ ಇನ್ಯಾರೋ ಇದ್ದರು. ಮುಂದಿನ ರೇಡಿನಲ್ಲಿ ಇನ್ನೂ ಮೂರು. ಗೆದ್ದೆವು. ಚಪ್ಪಲಿ ಒಂದು ಅಲ್ಲೇ ಉಳಿಯಿತು, ಇವತ್ತಿಗೂ ಸಿಕ್ಕಿಲ್ಲ. ಆ ಮೊಣಕಾಲಿನಲ್ಲಿ ಹಾಗೆ ಹಾರಲು ಹೇಗೆ ಸಾಧ್ಯ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಎತ್ತಾಗಿದ್ದರೆ ಯೋಚಿಸುತ್ತಿದ್ದೆ.

ಗುರುತುಗಳು ಕಣ್ಣ ಮುಂದೆಯೇ ಇದ್ದವು. ಗಾಡಿಯಲ್ಲಿ ಬಾಯಿ ತೆರೆದು ನಿದ್ದೆ. ಎಚ್ಚರವಾದರೆ ಮೂಗು ಕೆರೆಯುವುದು, ತೋಳು ಕೆರೆಯುವುದು. ಕಣ್ಣಿನ ಕರಿಬೊಟ್ಟು ಸಾಸಿವೆಯಷ್ಟು ಸಣ್ಣದು. ಒಂದೊಂದು ಬೆಳಿಗ್ಗೆ ಸುಮ್ಮಸುಮ್ಮನೆ ಬೆವರು, ಆಕಳಿಕೆ, ಮೈಕೈ ನಡುಕ. ಬಚ್ಚಲಿಗೆ ಹೋಗಿ ಬಂದರೆ ಎಲ್ಲ ಸರಿ. ದಣಿವು ಅಂದುಕೊಂಡೆ. ಗೆಲ್ಲುತ್ತಿರುವವನ ದಣಿವಿಗೆ ಯಾರೂ ಹೆಸರು ಕೇಳುವುದಿಲ್ಲ.

ಕಂಡುಹಿಡಿದವಳು ಅಕ್ಕ. ಅವಳಿಗೆ ಎಲೆಅಡಿಕೆಯ ಚಟ. ಸವಣೂರಿಗೆ ಹೋದಾಗಲೆಲ್ಲ ಮಗ ಅವಳಿಗೆ ಅಲ್ಲಿಯ ಎಲೆಯ ಕಟ್ಟು ತರುತ್ತಿದ್ದ. ಆ ಸಲ ತಂದಿದ್ದು ಎರಡು ಕಟ್ಟು. ಒಂದನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದ. ಅಕ್ಕ ಮರೆತಿದ್ದಾನೆಂದು ತೆಗೆದು ಬಿಚ್ಚಿದಳು. ಎಲೆಯ ನಡುವೆ ನೋವಿನ ಗುಳಿಗೆಯ ಪಟ್ಟಿಗಳು, ಅರ್ಧ ಖಾಲಿ. ನನಗೆ ಫೋನ್ ಹಚ್ಚಿದಳು. ಅಳಲಿಲ್ಲ, ಕೂಗಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ತಮ್ಮಾ, ನಿನ್ನ ಎತ್ತಿಗೂ ಇಂಥಾವ ತಿನಸ್ತಿಯೇನೋ?”

ಮಾಸೂರಿಗೆ ಹೋಗುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಅಳಿಯನನ್ನು ಬೈದೆ. ನಿನಗೆ ಬುದ್ಧಿ ಇಲ್ಲವೇ, ಓದಿದವನಲ್ಲವೇ ಎಂದೆ. ಗುಳಿಗೆ ಕೊಟ್ಟ ಅಂಗಡಿಯವನನ್ನು ಬೈದೆ, ಲೀಗಿನ ತಂಡವನ್ನು ಬೈದೆ, ಆಪರೇಷನ್ ಮಾಡಿದ ಡಾಕ್ಟರನ್ನೂ ಬೈದೆ. ಆಗ ಅವನು ತಲೆ ಎತ್ತಿದ.

“ಡಾಕ್ಟರ್‍ನ ಬೈಬ್ಯಾಡ ಮಾಮಾ. ಅವ್ರು ಹತ್ತ ದಿನಕ್ಕ ಅಷ್ಟ ಗುಳಿಗಿ ಬರದಿದ್ರು, ಹನ್ನೊಂದನೇ ದಿನ ಬಿಡು ಅಂದಿದ್ರು. ಮೊದಲಿನ ಹತ್ತ ದಿನ ಅವರದು. ಆಮ್ಯಾಲಿಂದೆಲ್ಲಾ ನಂದು.”

“ಮತ್ತ ನಿಮ್ಮ ಮಾಮಾಂದು ಎಷ್ಟ ದಿನ?” ಅಕ್ಕ ಒಲೆಯ ಕಡೆ ಮುಖ ಮಾಡಿ ಕೇಳಿದಳು.

ಉತ್ತರ ನನಗೆ ಗೊತ್ತಿತ್ತು. ಮ್ಯಾಟಿಗೆ ಇಳಿದರೆ ಮಾತ್ರ ರೊಕ್ಕ ಎಂಬ ಕರಾರು ಯಾರ ಬಾಯಿಂದ ಬಂದಿತ್ತು?

ಮರುದಿನ ಶಿಗ್ಗಾಂವಿಯ ಡಾಕ್ಟರಬಾಯಿಯವರ ಹತ್ತಿರ ಕರೆದೊಯ್ದೆ. ಪಟ್ಟಿ ನೋಡಿದರು, ಅವನ ಕಣ್ಣು ನೋಡಿದರು. ಇದು ಅಫೀಮಿನ ಬಳಗದ ಔಷಧ. ಸರಿಯಾಗಿ ಕೊಟ್ಟರೆ ದೊಡ್ಡ ಉಪಕಾರಿ, ಆದರೆ ಇವನ ಮೈ ಈಗ ಇದಕ್ಕೆ ಒಗ್ಗಿಬಿಟ್ಟಿದೆ, ಒಮ್ಮೆಲೇ ನಿಲ್ಲಿಸಿದರೆ ತಡೆಯಲಾರ ಎಂದರು. ಧಾರವಾಡದ ದವಾಖಾನೆಯಲ್ಲಿ ಸೇರಿಸಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಅಲ್ಲಿಯವರೆಗೆ ಮ್ಯಾಟ್ ಹತ್ತಬಾರದು. ನೋವು ಗೊತ್ತಾಗದ ಕಾಲಿನ ಮೇಲೆ ಇನ್ನೊಂದು ಸಲ ಹಾರಿದರೆ ಆ ಮೊಣಕಾಲಿನಲ್ಲಿ ನಡೆಯಲೂ ಬರುವುದಿಲ್ಲ. ನಾನು, “ತಪ್ಪು ಯಾರದ್ರಿ ಬಾಯಾರ, ಅದನ್ನರ ಹೇಳ್ರಿ,” ಎಂದೆ.

“ಅದನ್ನ ಆಮೇಲೆ ಪಾಲು ಮಾಡ್ಕೊಳ್ರಿ. ಸೋಮವಾರ ಬೆಳಿಗ್ಗೆ ಇವರನ್ನ ಧಾರವಾಡಕ್ಕೆ ಯಾರು ಕರಕೊಂಡು ಹೋಗ್ತೀರಿ, ಮೊದಲು ಅದನ್ನ ಹೇಳ್ರಿ,” ಎಂದರು.

ಸೋಮವಾರ. ಅದರ ಹಿಂದಿನ ದಿನ ಹಿರೇಕೆರೂರಿನಲ್ಲಿ ಫೈನಲ್! ಆ ಸೀಸನ್ನಿನ ಕೊನೆಯ ಆಟ. ಊರ ತುಂಬ ಅಳಿಯನ ಫೋಟೋದ ಬ್ಯಾನರು ಕಟ್ಟಿದ್ದರು.

ನಾನು ವ್ಯವಹಾರಸ್ಥ. ದಾರಿ ಹುಡುಕಿದೆ. ಅಳಿಯನಿಗೆ ಹೇಳಿದೆ: ಜರ್ಸಿ ಹಾಕಿಕೊಂಡು ಬಾ, ಜನಕ್ಕೆ ಕೈ ಮಾಡು, ಜ್ವರ ಬಂದಿದೆ ಎಂದು ಅನೌನ್ಸ್ ಮಾಡಿಸುತ್ತೇನೆ. ನಿನ್ನ ಹೆಸರೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಭಾನುವಾರ ಮಧ್ಯಾಹ್ನ ಹಿರೇಕೆರೂರಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಗೆಯವರು ಬಾರಿಸುತ್ತಿದ್ದರು, ಅದು ನನ್ನ ಎದೆಯೊಳಗೇ ಬಡಿಯುತ್ತಿತ್ತು. ಅನೌನ್ಸರ್ ನನ್ನ ಮಾತು ಕೇಳಿ ಮೈಕಿನಲ್ಲಿ, “ನಮ್ಮ ಸ್ಟಾರ್ ರೇಡರ್‍ಗೆ ಜ್ವರ ಬಂದೈತಿ,” ಎಂದು ಹೇಳಿದ್ದೇ ತಡ, ಜನ “ಹೋ” ಎಂದರು. “ಜ್ವರ ಬಂದ್ರ ಕಂಬಳಿ ಹೊದ್ಕೊಂಡ ಆಡ ಅನ್ರಿ!” ಎಂದು ಯಾರೋ ಕೂಗಿದರು. ಸಾವ್ಕಾರರು ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದರು. ಅಷ್ಟರಲ್ಲಿ ಅಳಿಯ ಎದ್ದು ಹೋಗಿ ಮೈಕ್ ಇಸಿದುಕೊಂಡ.

“ನನಗ ಜ್ವರ ಇಲ್ರಿ.”

ನಾನು ಬೇಡ ಬೇಡ ಎಂದು ಅವನಿಗೆ ಕೈ ಮಾಡಿದೆ.

“ನನ್ನ ಬಲಗಾಲು ಹೋಗೈತಿ. ಈ ಸೀಸನ್ ಪೂರ್ತಿ ನೋವಿನ ಗುಳಿಗಿ ನುಂಗಿ ಆಡೇನಿ. ಡಾಕ್ಟರು ಬಿಡು ಅಂದಮ್ಯಾಲೂ ಕದ್ದು ತಗೊಂಡೇನಿ. ಸವಣೂರಾಗ ಚಪ್ಪಾಳಿ ಹೊಡದ್ರೆಲ್ಲಾ, ಅದು ನನ್ನ ಕಾಲಿಗೆ ಅಲ್ರಿ, ಗುಳಿಗಿಗೆ. ನಾಳೆ ದವಾಖಾನಿ ಸೇರ್ತೇನಿ. ಇವತ್ತ ಆಡಂಗಿಲ್ಲ.”

ಹಲಗೆ ನಿಂತಿತು. ಒಂದು ಮೂಲೆಯಿಂದ, “ಏ ಗುಳಿಗಿ ಹೀರೋ!” ಎಂಬ ಕೂಗು ಬಂತು, ನಾಲ್ಕು ಜನ ನಕ್ಕರು. ಮುಂದಿನ ಸಾಲಿನಲ್ಲಿ ಪಟಗ ಸುತ್ತಿದ ಮುದುಕರೊಬ್ಬರಿದ್ದರು, ಸಂತೆಯಲ್ಲಿ ನನ್ನನ್ನು ಬಲ್ಲವರು. ಕೋಲು ಎತ್ತಿ ಹಿಂದಕ್ಕೆ ತಿರುಗಿದರು.

“ಬಾಯಿ ಮುಚ್ಚೋ! ಐಬು ಹೇಳ್ಯಾನ. ಹೇಳಿದಾವನ್ನ ನೋಡಿ ನಗಬಾರ್ದು!” ಆಮೇಲೆ ನನ್ನ ಕಡೆ ಕೋಲು ತೋರಿಸಿ, “ದಲಾಲಿ ಏನಂತಾನ?” ಎಂದರು.

ಇಡೀ ಮೈದಾನ ನನ್ನನ್ನು ನೋಡಿತು. ಮೂವತ್ತು ವರ್ಷ ಮಾತಿನಿಂದ ಬದುಕಿದವನು ನಾನು. ಹತ್ತು ಹೆಜ್ಜೆ ನಡೆದು ಮೈಕ್ ಹಿಡಿದೆ.

“ಅಂವ ಅಂವಂದು ಹೇಳಿದ. ನಂದು ಕೇಳ್ರಿ. ಟವಲ್ ಹಾಕೂ ಮುಂದ ಐಬು ಮುಚ್ಚಿದಾವ ನಾನು. ಇಳದ್ರ ಅಷ್ಟ ರೊಕ್ಕ ಅಂತ ಕರಾರ ಮಾಡಿದಾವ ನಾನು. ಕಾಲು ನೋಯ್ತೈತಿ ಅಂದ್ರೂ ಇಳಿ ಅಂದಾವ ನಾನು. ಜ್ವರದ ಸುಳ್ಳೂ ನಂದ!”

“ಎಂಟ ದಿನ ಎಂದೋ ಆಗಿ ಹೋದ್ವಲ್ಲೋ ದಲಾಲಿ! ಈಗ ಹೆಂಗ ವಾಪಸ್ ಕೊಡ್ಲಿ?” ಸಾವ್ಕಾರರು ಕೂತಲ್ಲಿಂದಲೇ ಕೂಗಿದರು. ಮೈದಾನ ಹೊಟ್ಟೆ ಹಿಡಿದು ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂದಿತ್ತು. ನಾನು ಕೆಳಗಿಳಿದಾಗ ಸಾವ್ಕಾರರು ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು: “ಮೊಣಕಾಲಿಂದು ನನಗೂ ಗೊತ್ತಿತ್ತೋ. ನೀ ಇಲ್ಲ ಅಂದಿ, ನನಗೂ ಅದ ಬೇಕಾಗಿತ್ತು.”

ಹಲಗೆ ಮತ್ತೆ ಶುರುವಾಯಿತು. ಏನು ಆಟ ಅದು! ಅಳಿಯ ಗೆರೆಯ ಹೊರಗೆ ಕುರ್ಚಿಯಲ್ಲಿ ಕೂತು, “ಎಡಕ್ಕ ಹೋಗಬ್ಯಾಡ, ಬೋನಸ್ ತಗೋ, ದಮ್ಮು ಹಿಡಿ!” ಎಂದು ಕಿರುಚುತ್ತಲೇ ಇದ್ದ. ಕೊನೆಯ ರೇಡಿನವರೆಗೂ ಸಮಸಮ. ಎರಡು ಅಂಕದಿಂದ ಸೋತೆವು. ನನ್ನ ಗಂಟಲು ಮೂರು ದಿನ ಬಿದ್ದುಹೋಗಿತ್ತು; ಸೋಮವಾರ ಧಾರವಾಡದ ದವಾಖಾನೆಯಲ್ಲಿ ಅವನ ವಿವರವನ್ನೆಲ್ಲ ಕೈಸನ್ನೆಯಲ್ಲೇ ಹೇಳಿದೆ. ನರ್ಸಮ್ಮ ನನ್ನನ್ನೇ ಪೇಷಂಟ್ ಅಂದುಕೊಂಡರು.

ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ, ನನ್ನ ಸ್ವಭಾವ. ಮನೆಯಲ್ಲಿ ಆಡುವವರಿದ್ದರೆ ಗೆದ್ದ ದಿನವೇ ಕೇಳಿ: ಎಲ್ಲಿ ನೋಯುತ್ತಿದೆ? ಅವರ ಪರವಾಗಿ ಕರಾರು ಮಾಡುವವರು ನೀವಾದರೆ, ಕೂತ ದಿನಕ್ಕೂ ಅನ್ನ ಸಿಗುವ ಹಾಗೆ ಮಾಡಿ. ದರ ನಾಲ್ಕು ಬೆರಳು ಕಡಿಮೆಯಾದರೂ ಚಿಂತೆಯಿಲ್ಲ.

ಅವನು ವಾರಗಟ್ಟಲೆ ಅಲ್ಲಿದ್ದ. ಮೊದಲ ದಿನಗಳು ಕಷ್ಟದವು. ಅವನ್ನು ಅವನೇ ಹೇಳಿಕೊಂಡರೆ ಚೆಂದ, ನಾನು ಹೇಳುವುದಿಲ್ಲ. ಈಗಲೂ ತಪಾಸಣೆಗೆ ಹೋಗಿಬರಬೇಕು, ಮೊಣಕಾಲಿಗೆ ಇನ್ನೊಂದು ಆಪರೇಷನ್ ಬಾಕಿಯಿದೆ, ಮತ್ತೆ ಆಡುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಿಡುಗಡೆಯಾದ ದಿನ ಗಾಡಿ ತರಬೇಡ, ಬಸ್ಸಿನಲ್ಲೇ ಬರುತ್ತೇನೆ ಎಂದು ಹಟ ಮಾಡಿದ. ನಾನೂ ಅಕ್ಕನೂ ಮಾಸೂರಿನ ಬಸ್‌ಸ್ಟಾಪಿನಲ್ಲಿ ಕಾದು ನಿಂತೆವು. ಬಸ್ಸು ಬಂತು. ಕಂಬಿ ಹಿಡಿದು ಎಡಗಾಲು ಇಳಿಸಿದ, ಆಮೇಲೆ ಬಲಗಾಲು. ಮುಖ ಕಿವುಚಿದ. ನಮ್ಮ ಕಡೆ ನಡೆಯತೊಡಗಿದ, ಬಲಗಾಲನ್ನು ಸ್ಪಷ್ಟವಾಗಿ ಎಳೆಯುತ್ತ, ಗುಳಿಗೆ ಮುಚ್ಚದ ನೋವು ಬಂದಲ್ಲಿ ನಿಲ್ಲುತ್ತ.

“ಅಕ್ಕಾ, ಕುಂಟಾಕತ್ತಾನ!” ನಾನು ಅವಳ ತೋಳು ಹಿಡಿದು ಅಲುಗಾಡಿಸಿದೆ. “ನೋಡ, ಖರೇನ ಕುಂಟಾಕತ್ತಾನ!”

“ಮಗ ಕುಂಟಿದ್ರ ಕುಣೀತಿಯಲ್ಲೋ, ಹುಚ್ಚಾ,” ಎಂದಳು ಅಕ್ಕ. ಆದರೆ ಅವಳೂ ನಗುತ್ತಲೇ ಅವನ ಚೀಲ ಇಸಿದುಕೊಳ್ಳಲು ಓಡಿದಳು.